ಅಡಿಕೆ ಡ್ರೈಯರಿನ ಬಿಸಿ ಫೋನಿನಲ್ಲಿ ಕಾಣಬೇಕು: ಇಎಸ್‌ಪಿ32 ವೆಬ್ ಸರ್ವರ್ ಹೊಂದಿಸುವುದು ಹೇಗೆ?

ಪ್ರಶ್ನೆ: ಸರ್, ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ನಾನು ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದೇನೆ, ಊರಲ್ಲಿ ಅಪ್ಪಯ್ಯ, ಅಮ್ಮ ಇದ್ದಾರೆ. ಕೊಯ್ಲಿನ ಹೊತ್ತಿಗೆ ಮೋಡ ಬಂದರೆ ಬೇಯಿಸಿದ ಅಡಿಕೆ ಒಣಗುವುದಿಲ್ಲ ಅಂತ ಸೌದೆ ಒಲೆಯ ಡ್ರೈಯರ್ ಕಟ್ಟಿಸಿದ್ದೇವೆ. ಅದರ ಮೂರು ಟ್ರೇಗಳಲ್ಲಿ ಬಿಸಿ ಅಳೆಯುವ ಡಿಎಸ್18ಬಿ20 ಸೆನ್ಸರ್ ಇಟ್ಟು, ವೈಫೈ ಇರುವ ಚಿಕ್ಕ ಇಎಸ್‌ಪಿ32 ಬೋರ್ಡಿನಲ್ಲಿ ಆರ್ಡುಯಿನೊ (ಇಂಥ ಬೋರ್ಡಿಗೆ ಕೋಡ್ ಬರೆಯುವ ಸಾಧನ) ಜೊತೆ ಬರುವ ವೆಬ್ ಸರ್ವರ್ ಲೈಬ್ರರಿ ಹಾಕಿ ಬಿಸಿ ತೋರಿಸುವ, ಫ್ಯಾನ್ ಬಟನ್ ಇರುವ ಪುಟ ಮಾಡಿದ್ದೇನೆ. ರಿಫ್ರೆಶ್ ಮಾಡದೆ ಅಂಕಿ ಬದಲಾಗುವುದಿಲ್ಲ. ಐದು ಸೆಕೆಂಡಿಗೊಮ್ಮೆ ತಾನಾಗಿ ರಿಫ್ರೆಶ್ ಆಗುವ ಹಾಗೆ ಮಾಡಿದರೆ ಪರದೆ ಮಿನುಗುತ್ತದೆ, ಎರಡು ಫೋನಿನಲ್ಲಿ ತೆರೆದರೆ ನಿಂತೇ ಹೋಗುತ್ತದೆ. ಕನ್ನಡ ಅಕ್ಷರಗಳು ಗೀಚಿದ ಹಾಗೆ ಬರುತ್ತವೆ. ಒಂದು ರಾತ್ರಿ ಅಪ್ಪಯ್ಯ ಸುಮ್ನೆ ಫೋನ್ ತೆರೆದಾಗ ಫ್ಯಾನ್ ತಾನಾಗಿ ಶುರುವಾಯಿತು. ಡೈನಾಮಿಕ್ ಪುಟಕ್ಕೆ, ಅಂದರೆ ಕೇಳಿದಾಗಲೆಲ್ಲ ಹೊಸದಾಗಿ ಕಟ್ಟುವ ಪುಟಕ್ಕೆ, ಸರ್ವರಿನಲ್ಲಿ ಓಡುವ ಪಿಎಚ್‌ಪಿ ಭಾಷೆ ಬೇಕು ಅಂತ ಗೆಳೆಯ ಹೇಳಿದ. ಇದರಲ್ಲಿ ಪಿಎಚ್‌ಪಿ ಹಾಕಬಹುದಾ? ಶಿವಮೊಗ್ಗದಿಂದ ನಾನೂ ನೋಡಬಹುದಾ?

ಉತ್ತರ: ಪಿಎಚ್‌ಪಿ ಹಾಕಲು ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಇಎಸ್‌ಪಿ32ರಲ್ಲಿ ಇರುವುದು 520 ಕಿಲೋಬೈಟ್ ರ‍್ಯಾಮ್. ಅದರಲ್ಲೂ ವೈಫೈ ತನ್ನ ಪಾಲು ತೆಗೆದುಕೊಳ್ಳುತ್ತದೆ. ಫ್ಲ್ಯಾಶ್ ಸಾಮಾನ್ಯವಾಗಿ 4 ಮೆಗಾಬೈಟ್. ಪಿಎಚ್‌ಪಿ ಓಡಲು ಲಿನಕ್ಸ್‌ನಂಥ ಆಪರೇಟಿಂಗ್ ಸಿಸ್ಟಂ ಬೇಕು, ರಾಸ್ಬೆರಿ ಪೈನಂಥ ಪುಟ್ಟ ಕಂಪ್ಯೂಟರ್ ಆದರೆ ಸರಿ. ನಿಮ್ಮ ಬೋರ್ಡಿನಲ್ಲಿ ಪಿಎಚ್‌ಪಿ ಮಾಡುವ ಕೆಲಸವನ್ನು ನೀವು ಬರೆದ ಫಂಕ್ಷನ್ನೇ ಮಾಡುತ್ತದೆ. ಇಂಥ ವಿಳಾಸ ಕೇಳಿದರೆ ಇಂಥ ಫಂಕ್ಷನ್ ಓಡಲಿ ಅಂತ ಸರ್ವರಿಗೆ ಹೇಳಿರುತ್ತೀರಿ, ಅದು ಆ ಹೊತ್ತಿನ ಉತ್ತರ ಕಟ್ಟಿ ಕಳಿಸುತ್ತದೆ. ವೆಬ್ ಸರ್ವರ್ ಪುಟ ಕಟ್ಟಿಸಿಕೊಳ್ಳಲು 1993ರಲ್ಲಿ ಬಂದ ಸಿಜಿಐ ಪದ್ಧತಿ ಕೂಡ ಇದೇ ಯೋಚನೆ. ಅಲ್ಲಿ ಬೇರೆ ಪ್ರೋಗ್ರಾಂ ಓಡುತ್ತಿತ್ತು, ಇಲ್ಲಿ ಅದು ನಿಮ್ಮ ಫರ್ಮ್‌ವೇರಿನ (ಬೋರ್ಡಿಗೆ ಹಾಕಿದ ಕೋಡಿನ) ಒಳಗೇ ಇದೆ.

ಚಿಕ್ಕ ಬೋರ್ಡಿನಲ್ಲಿ ಬದಲಾಗುವ ಪುಟ ಕೊಡಲು ಮೂರು ದಾರಿ ಇವೆ. ಇಡೀ ಪುಟವನ್ನು ಕೋಡಿನಲ್ಲೇ ತುಂಡು ತುಂಡು ಸೇರಿಸಿ ಕಟ್ಟುವುದು ಒಂದು, ನೀವು ಈಗ ಮಾಡಿರುವುದು ಅದೇ. ಪುಟದ ನಡುವೆ ಖಾಲಿ ಜಾಗ ಗುರುತಿಸಿಟ್ಟು, ಕಳಿಸುವಾಗ ಅಲ್ಲಿಗೆ ಅಂಕಿ ತುಂಬುವುದು ಇನ್ನೊಂದು. ಮೂರನೆಯದರಲ್ಲಿ ಪುಟ ಒಮ್ಮೆ ಹೋಗಿ ಫೋನಿನಲ್ಲಿ ಕೂರುತ್ತದೆ, ಆಮೇಲೆ ಬರೀ ಅಂಕಿಗಳು ಹೋಗುತ್ತಿರುತ್ತವೆ. ನಿಮಗೆ ಮೂರನೆಯದೇ ಸರಿ. ಮೂರು ಉಷ್ಣಾಂಶಕ್ಕಾಗಿ ಪ್ರತಿ ಐದು ಸೆಕೆಂಡಿಗೆ ಬಣ್ಣ, ತಲೆಬರಹ, ಬಟನ್ ಎಲ್ಲವನ್ನೂ ಮತ್ತೆ ಕಟ್ಟಿ ಕಳಿಸುವುದು ಆ ಬೋರ್ಡಿಗೆ ಹೊರೆ. ಪರದೆ ಮಿನುಗುವುದಕ್ಕೂ ಅದೇ ಕಾರಣ.

ಆದರೆ ಪುಟಕ್ಕೆ ಕೈ ಹಾಕುವ ಮೊದಲು ಸೆನ್ಸರಿನ ಕಡೆ ನೋಡಬೇಕು. ಎರಡು ಫೋನ್ ತೆರೆದರೆ ಸರ್ವರ್ ನಿಂತುಹೋಗುವುದಕ್ಕೆ ಬಹುಪಾಲು ಕಾರಣ ಅಲ್ಲೇ ಇರುತ್ತದೆ. ಡಿಎಸ್18ಬಿ20 ತನ್ನ ಪೂರ್ತಿ 12 ಬಿಟ್ ಅಳತೆ ಮಾಡಲು 750 ಮಿಲಿಸೆಕೆಂಡ್ ತನಕ ತೆಗೆದುಕೊಳ್ಳುತ್ತದೆ. ಪುಟ ಕಳಿಸುವ ಫಂಕ್ಷನ್ನಿನ ಒಳಗೇ ಒಂದೊಂದು ಸೆನ್ಸರನ್ನೂ ಬೇರೆ ಬೇರೆಯಾಗಿ ಕೇಳಿ ಕಾದರೆ ಎರಡು ಸೆಕೆಂಡಿಗೂ ಜಾಸ್ತಿ ಆಯಿತು. ನಿಮ್ಮ ಲೈಬ್ರರಿ ಒಂದು ಸಲಕ್ಕೆ ಒಬ್ಬರಿಗೇ ಉತ್ತರ ಕೊಡುವಂಥದ್ದು. ಲೂಪಿನಲ್ಲಿ (ಬೋರ್ಡ್ ಮತ್ತೆ ಮತ್ತೆ ಓಡಿಸುವ ಫಂಕ್ಷನ್ನಿನಲ್ಲಿ) ಹ್ಯಾಂಡಲ್‌ಕ್ಲೈಂಟ್ ಕರೆದಾಗ ಮಾತ್ರ ಅದಕ್ಕೆ ಜೀವ. ಸೆನ್ಸರಿಗೆ ಕಾಯುವಷ್ಟು ಹೊತ್ತು ಎರಡನೇ ಫೋನನ್ನು ಕೇಳುವವರೇ ಇಲ್ಲ. ಎರಡೂ ಫೋನ್ ಐದು ಸೆಕೆಂಡಿಗೊಮ್ಮೆ ಇಡೀ ಪುಟ ಕೇಳಿದರೆ ಸರದಿ ಕರಗುವುದೇ ಇಲ್ಲ.

ಹಾಗಾಗಿ ಅಳೆಯುವುದು ಬೇರೆ, ಕಳಿಸುವುದು ಬೇರೆ ಮಾಡಿ. ಡಲ್ಲಾಸ್ ಟೆಂಪರೇಚರ್ ಲೈಬ್ರರಿಯಲ್ಲಿ 'ಸೆಟ್ ವೇಟ್ ಫಾರ್ ಕನ್ವರ್ಷನ್' ಅಂತ ಒಂದು ಆಯ್ಕೆ ಇದೆ, ಅದನ್ನು ಫಾಲ್ಸ್ ಮಾಡಿ. ಆಗ ಮೂರೂ ಸೆನ್ಸರಿಗೆ ಒಟ್ಟಿಗೆ 'ಅಳೆಯಿರಿ' ಅಂತ ಹೇಳಿ ತಕ್ಷಣ ಮುಂದೆ ಹೋಗಬಹುದು. ಬೋರ್ಡಿನ ಮಿಲಿಸೆಕೆಂಡ್ ಎಣಿಕೆಯಾದ ಮಿಲಿಸ್ ನೋಡಿಕೊಂಡು ಒಂದು ಸೆಕೆಂಡ್ ಕಳೆದ ಮೇಲೆ ಮೂರನ್ನೂ ಓದಿ ಗ್ಲೋಬಲ್ ವೇರಿಯೆಬಲ್‌ಗಳಲ್ಲಿ ಇಡಿ, ಓದಿದ ಹೊತ್ತನ್ನೂ ಪಕ್ಕದಲ್ಲಿ ಬರೆದಿಡಿ. ಲೂಪಿನಲ್ಲಿ ಎಲ್ಲೂ ಡಿಲೇ ಇರಬಾರದು. ಓದುವಾಗ ಒಂದು, ಎರಡು, ಮೂರು ಅಂತ ಕ್ರಮಸಂಖ್ಯೆ ಕೊಟ್ಟರೆ ಲೈಬ್ರರಿ ಪ್ರತಿ ಸಲ ವೈರಿನ ಮೇಲೆ ಹುಡುಕಾಟ ನಡೆಸುತ್ತದೆ. ಸೆನ್ಸರಿನ ವಿಳಾಸವನ್ನೇ ಕೊಡಿ. ಬೇಗ ಆಗುತ್ತದೆ, ಒಂದು ಸೆನ್ಸರ್ ಕೆಟ್ಟರೂ ಟ್ರೇಗಳ ಹೆಸರು ಅದಲುಬದಲಾಗುವುದಿಲ್ಲ. ಇನ್ನೊಂದು, ಡ್ರೈಯರಿಗೆ 12 ಬಿಟ್ ಬೇಕಾಗಿಯೇ ಇಲ್ಲ. 10 ಬಿಟ್‌ಗೆ ಇಳಿಸಿದರೆ ಕಾಲು ಡಿಗ್ರಿಯ ಅಂತರದಲ್ಲಿ ಸಿಗುತ್ತದೆ, ಸಮಯ 187.5 ಮಿಲಿಸೆಕೆಂಡಿಗೆ ಇಳಿಯುತ್ತದೆ. ಸೌದೆ ಒಲೆಯ ಬಿಸಿಗೆ ಕಾಲು ಡಿಗ್ರಿ ಧಾರಾಳ.

ಈ ಸೆನ್ಸರಿನ ಎರಡು ಅಂಕಿಗಳನ್ನು ನೀವು ಗುರುತಿಟ್ಟುಕೊಳ್ಳಬೇಕು. ಮೈನಸ್ 127 ಬಂದರೆ ಅದು ಲೈಬ್ರರಿ ಕೊಡುವ ಸೂಚನೆ, ಸೆನ್ಸರ್ ಸಿಗುತ್ತಿಲ್ಲ ಅಂತ. ವೈರು ಬಿಟ್ಟಿರಬಹುದು, 4.7 ಕಿಲೋ ಓಮ್‌ನ ಪುಲ್ ಅಪ್ ರೆಸಿಸ್ಟರ್ ಸಡಿಲ ಆಗಿರಬಹುದು. ಇನ್ನೊಂದು 85. ಪವರ್ ಬಂದ ತಕ್ಷಣ, ಇನ್ನೂ ಏನೂ ಅಳೆಯದೆ ಇದ್ದಾಗ ಈ ಸೆನ್ಸರ್ 85 ಡಿಗ್ರಿ ಅಂತ ಹೇಳುತ್ತದೆ. ಬೇರೆ ಕಡೆ ಆದರೆ 85 ಕಂಡರೆ ಸುಳ್ಳು ಅಂತ ಕಣ್ಣು ಮುಚ್ಚಿ ಬಿಟ್ಟುಬಿಡಬಹುದು. ಬೆಂಕಿ ಇರುವ ಡ್ರೈಯರಿನಲ್ಲಿ ಹಾಗೆ ಬಿಡುವುದು ಸರಿಯಲ್ಲ. ಹಿಂದಿನ ಅಳತೆ 55 ಇದ್ದು ಮರುಕ್ಷಣ ಸರಿಯಾಗಿ 85.0 ಬಂದರೆ ಇನ್ನೊಮ್ಮೆ ಅಳೆಯಿರಿ. ಆಗಲೂ 85ರ ಹತ್ತಿರವೇ ಇದ್ದರೆ ಅದನ್ನು ನಿಜ ಅಂತಲೇ ತೆಗೆದುಕೊಳ್ಳಿ.

ಈಗ ಪುಟ. ಎಚ್‌ಟಿಎಂಎಲ್ ಕಡತವನ್ನು ಕೋಡಿನಿಂದ ಹೊರಗೆ ತೆಗೆದು ಫ್ಲ್ಯಾಶಿನಲ್ಲಿ ಲಿಟಲ್‌ಎಫ್‌ಎಸ್ ಕಡತ ವ್ಯವಸ್ಥೆಯಲ್ಲಿ ಇಡಿ. ಹಳೆಯ ಪಾಠಗಳಲ್ಲಿ ಸ್ಪಿಫ್ಸ್ ಅಂತ ಇರುತ್ತದೆ, ಅದು ಬೇಡ. ಬರೆಯುತ್ತಿರುವಾಗಲೇ ಕರೆಂಟ್ ಹೋದರೂ ಕಡತಗಳು ಹಾಳಾಗದ ಹಾಗೆ ಲಿಟಲ್‌ಎಫ್‌ಎಸ್ ರೂಪಿಸಿದ್ದಾರೆ. ನಮ್ಮ ಕಡೆಯ ಕರೆಂಟಿಗೆ ಇದು ದೊಡ್ಡ ಅನುಕೂಲ. ಆಮೇಲೆ 'ಸರ್ವ್ ಸ್ಟ್ಯಾಟಿಕ್' ಅನ್ನುವ ಒಂದೇ ಸಾಲಿನಲ್ಲಿ ಮುಖ್ಯ ವಿಳಾಸಕ್ಕೆ ಆ ಕಡತವನ್ನು ಜೋಡಿಸಬಹುದು. ಕಡತವನ್ನು ಜಿಜಿಪ್ ಮಾಡಿ, ಅಂದರೆ ಕುಗ್ಗಿಸಿ, ಇಟ್ಟರೆ ಸರ್ವರ್ ಅದನ್ನೇ ಕಳಿಸುತ್ತದೆ, ಬಿಚ್ಚುವ ಕೆಲಸ ಫೋನಿನ ಬ್ರೌಸರಿನದು. ಒಂದು ಎಚ್ಚರಿಕೆ: ಪುಟ ತಿದ್ದಿ ಮತ್ತೆ ಅಪ್‌ಲೋಡ್ ಮಾಡಿದಾಗ ಆ ಇಡೀ ವಿಭಾಗ ಹೊಸದಾಗುತ್ತದೆ. ನೀವು ಅಲ್ಲೇ ಬರೆದಿಟ್ಟ ಸೆಟ್ಟಿಂಗ್ ಹೋಗಿಬಿಡುತ್ತದೆ. ಫ್ಯಾನಿನ ಮಿತಿ, ವೈಫೈ ಹೆಸರು ಇಂಥವನ್ನು ಪ್ರಿಫರೆನ್ಸಸ್ ಲೈಬ್ರರಿಯಲ್ಲಿ ಇಡಿ, ಅದರ ಜಾಗ ಬೇರೆ.

ಪುಟದ ಅಂದಕ್ಕೆ ಬಳಸುವ ಸಿಎಸ್‌ಎಸ್, ಗ್ರಾಫಿನ ಜಾವಾಸ್ಕ್ರಿಪ್ಟ್ ಇವು ಕೂಡ ಬೋರ್ಡಿನಲ್ಲೇ ಇರಲಿ. ಇಂಟರ್‌ನೆಟ್‌ನಿಂದ ತರಿಸುವ ಕೊಂಡಿ ಹಾಕಿದರೆ ನೆಟ್ ಇಲ್ಲದ ದಿನ ಪುಟ ಬೋಳಾಗುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ. ಗಾಳಿ ಮಳೆಗೆ ಮರ ಬಿದ್ದು ಕೇಬಲ್ ಹರಿದ ದಿನವೂ ಅಪ್ಪಯ್ಯನಿಗೆ ಟ್ರೇ ಬಿಸಿ ಕಾಣಬೇಕು, ಅಲ್ವಾ?

ಅಂಕಿಗಳಿಗೆ ಇನ್ನೊಂದು ವಿಳಾಸ ಮಾಡಿ, '/ಡೇಟಾ' ಅಂತ ಇಟ್ಟುಕೊಳ್ಳಿ. ಕೋಡಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಿರಿ. ಆ ಫಂಕ್ಷನ್ ಮಾಡಬೇಕಾದದ್ದು ಇಷ್ಟೇ: ವೇರಿಯೆಬಲ್‌ಗಳಲ್ಲಿ ಇರುವ ಮೂರು ಉಷ್ಣಾಂಶ, ಫ್ಯಾನಿನ ಈಗಿನ ಸ್ಥಿತಿ, ಅಳೆದು ಎಷ್ಟು ಸೆಕೆಂಡ್ ಆಯಿತು ಅನ್ನುವುದು, ಇವನ್ನು ಹೆಸರು, ಬೆಲೆ ಜೋಡಿಯಾಗಿ ಬರೆಯುವ ಜೇಸನ್ ರೂಪದಲ್ಲಿ ಒಂದು ಸಾಲು ಬರೆದು ಕಳಿಸುವುದು. ಇದಕ್ಕೆ ಸ್ಟ್ರಿಂಗ್‌ಗಳನ್ನು ಪ್ಲಸ್ ಹಾಕಿ ಸೇರಿಸಬೇಡಿ. 256 ಬೈಟಿನ ಒಂದು ಬಫರ್ ಇಟ್ಟು ಎಸ್‌ಎನ್‌ಪ್ರಿಂಟ್‌ಎಫ್ ಬಳಸಿ. ಪ್ರತಿ ಪ್ಲಸ್ಸಿಗೂ ಸ್ಟ್ರಿಂಗ್ ಹೊಸ ಜಾಗ ಕೇಳಬಹುದು, ಹಳೆಯದನ್ನು ಬಿಡಬಹುದು. ದಿನಗಟ್ಟಲೆ ಹೀಗೇ ನಡೆದರೆ ಮೆಮೊರಿ ಚೂರು ಚೂರಾಗುತ್ತದೆ. ಒಟ್ಟು ಲೆಕ್ಕದಲ್ಲಿ ಜಾಗ ಇದ್ದರೂ ಒಂದೇ ಕಡೆ ದೊಡ್ಡ ಜಾಗ ಸಿಗದೆ ಬೋರ್ಡ್ ಮುಗ್ಗರಿಸುತ್ತದೆ. ಸೆನ್ಸರ್ ಸಿಗದಿದ್ದರೆ ಅಂಕಿಯ ಬದಲು ನಲ್ (ಖಾಲಿ ಬೆಲೆ) ಕಳಿಸಿ, ಮೈನಸ್ 127ನ್ನು ಅಪ್ಪಯ್ಯನಿಗೆ ತೋರಿಸುವುದು ಬೇಡ.

ಈ ಉತ್ತರಕ್ಕೆ 'ಕ್ಯಾಶ್ ಕಂಟ್ರೋಲ್: ನೋ ಸ್ಟೋರ್' ಅನ್ನುವ ಹೆಡರ್ ಸೇರಿಸುವುದನ್ನು ಮರೆಯಬೇಡಿ. ಬ್ರೌಸರ್ ಹಳೆಯ ಉತ್ತರವನ್ನೇ ತೆಗೆದು ತೋರಿಸದಂತೆ ಇದು ತಡೆಯುತ್ತದೆ. ಪುಟದ ಕಡತಕ್ಕೆ ಮಾತ್ರ ಉಲ್ಟಾ, ಅದನ್ನು ಒಂದಿಷ್ಟು ಹೊತ್ತು ಫೋನೇ ಇಟ್ಟುಕೊಳ್ಳಲಿ ಅಂತ ಹೇಳಿ.

ಪುಟದ ಒಳಗಿನ ಜಾವಾಸ್ಕ್ರಿಪ್ಟ್ ಫೆಚ್ ಬಳಸಿ ಐದು ಸೆಕೆಂಡಿಗೊಮ್ಮೆ ಈ ವಿಳಾಸ ಕೇಳುತ್ತದೆ. ಇಲ್ಲಿ ಸೆಟ್ ಇಂಟರ್ವಲ್ ಹಾಕಬೇಡಿ. ಡ್ರೈಯರ್ ಮನೆಯಲ್ಲಿ ವೈಫೈ ನಿಧಾನ ಆದಾಗ ಹಿಂದಿನ ಉತ್ತರ ಬರುವ ಮೊದಲೇ ಮುಂದಿನ ಪ್ರಶ್ನೆ ಹೋಗಿ, ಅವೆಲ್ಲ ಬೋರ್ಡಿನ ಬಾಗಿಲಲ್ಲಿ ಸಾಲು ನಿಲ್ಲುತ್ತವೆ. ಉತ್ತರ ಬಂದ ಮೇಲೆ, ಅಥವಾ ವಿಫಲವಾದ ಮೇಲೆ, ಸೆಟ್ ಟೈಮ್‌ಔಟ್ ಹಾಕಿ ಮುಂದಿನದನ್ನು ಕೇಳಿ. ಫೆಚ್‌ಗೆ ಮೂರು ಸೆಕೆಂಡಿನ ಗಡುವು ಕೊಡಿ, ಅಬಾರ್ಟ್ ಕಂಟ್ರೋಲರ್ ಇರುವುದು ಇದಕ್ಕೇ.

ನಾನು ತುಂಬಾ ಒತ್ತಿ ಹೇಳುವುದು ಮುಂದಿನ ಮಾತನ್ನು. ಫೆಚ್ ವಿಫಲವಾದರೆ ಪರದೆಯಲ್ಲಿ ಹಳೆಯ ಅಂಕಿ ಹಾಗೇ ನಿಂತಿರಬಾರದು. ಅಕ್ಷರ ಬೂದು ಬಣ್ಣಕ್ಕೆ ತಿರುಗಲಿ, 'ಸಂಪರ್ಕ ಇಲ್ಲ, 40 ಸೆಕೆಂಡ್ ಹಿಂದಿನ ಅಳತೆ' ಅಂತ ಬರಲಿ. ಒಲೆ ಆರಿ ಟ್ರೇ ತಣ್ಣಗಾಗಿದ್ದರೂ ಫೋನಿನಲ್ಲಿ 58 ಅಂತಲೇ ಕಾಣುತ್ತಿದ್ದರೆ ಆ ಪುಟ ಇದ್ದು ನಷ್ಟವೇ ಹೊರತು ಲಾಭ ಇಲ್ಲ. ಬೋರ್ಡ್ 'ಎಷ್ಟು ಸೆಕೆಂಡ್ ಹಿಂದೆ' ಅಂತ ಕಳಿಸಿದರೆ ಇನ್ನೊಂದು ಅನುಕೂಲವೂ ಇದೆ. ನೆಟ್ ಇಲ್ಲದ ಬೋರ್ಡಿಗೆ ಗಂಟೆ ಎಷ್ಟು ಅಂತ ಗೊತ್ತಿರುವುದಿಲ್ಲ, ಫೋನಿಗೆ ಗೊತ್ತು. ಅಳೆದ ಗಂಟೆಯನ್ನು ಬ್ರೌಸರೇ ಲೆಕ್ಕ ಹಾಕಿ ತೋರಿಸಲಿ.

ಕನ್ನಡ ಅಕ್ಷರ ಗೀಚಿದ ಹಾಗೆ ಬರುವುದು ಸುಲಭದ ಸಮಸ್ಯೆ. ನಿಮ್ಮ ಸರ್ವರ್ ಬರೀ 'ಟೆಕ್ಸ್ಟ್/ಎಚ್‌ಟಿಎಂಎಲ್' ಅಂತ ಕಳಿಸುತ್ತಿದೆ. ಅದರ ಮುಂದೆ ಅರ್ಧವಿರಾಮ (;) ಹಾಕಿ, ಅಕ್ಷರಗಳ ಸಂಕೇತ ಯಾವುದು ಅಂತ ಹೇಳುವ 'ಚಾರ್‌ಸೆಟ್=ಯುಟಿಎಫ್-8' ಸೇರಿಸಿ. ಪುಟದ ತಲೆಯಲ್ಲಿ ಮೆಟಾ ಚಾರ್‌ಸೆಟ್ ಕೂಡ ಇರಲಿ, ಕಡತವನ್ನು ಉಳಿಸುವಾಗಲೂ ಯುಟಿಎಫ್-8 ಆಯ್ಕೆ ಮಾಡಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಒತ್ತಕ್ಷರದ ಒಳಗಿನ ಹಲಂತ, ದೀರ್ಘ, ಸೊನ್ನೆ ಎಲ್ಲ ಬೇರೆ ಬೇರೆ ಸಂಕೇತ. 'ಉಷ್ಣಾಂಶ' ಕಣ್ಣಿಗೆ ಮೂರೇ ಅಕ್ಷರ. ಮೆಮೊರಿಯಲ್ಲಿ ಏಳು ಸಂಕೇತ, 21 ಬೈಟ್. 20 ಬೈಟಿನ ಬಫರಿಗೆ ಅದನ್ನು ತುಂಬಿದರೆ ಕೊನೆಯ ಅಕ್ಷರ ಅರ್ಧಕ್ಕೆ ಕತ್ತರಿಸಿ, ಅಲ್ಲಿ ಪ್ರಶ್ನೆಚಿಹ್ನೆಯ ಚೌಕ ಕಾಣುತ್ತದೆ. ಕನ್ನಡವೆಲ್ಲ ಪುಟದ ಕಡತದಲ್ಲೇ ಇದ್ದು, ಜೇಸನ್‌ನಲ್ಲಿ ಬರೀ ಅಂಕಿ ಹೋದರೆ ಈ ತಾಪತ್ರಯವೇ ಇಲ್ಲ.

ಫ್ಯಾನ್ ತಾನಾಗಿ ಶುರುವಾದದ್ದಕ್ಕೆ ಬರೋಣ. ನೀವು '/ಫ್ಯಾನ್/ಆನ್' ಅಂತ ಒಂದು ಕೊಂಡಿ ಕೊಟ್ಟಿರಬೇಕು. ಸಂಜೆ ಅದನ್ನು ಒತ್ತಿದ ಮೇಲೆ ಫೋನಿನ ಬ್ರೌಸರಿನಲ್ಲಿ ಉಳಿದದ್ದು ಅದೇ ವಿಳಾಸ. ರಾತ್ರಿ ಬ್ರೌಸರ್ ತೆರೆದಾಗ ಅದು ಹಳೆಯ ಟ್ಯಾಬನ್ನು ಮತ್ತೆ ಲೋಡ್ ಮಾಡಿತು. ಬೋರ್ಡಿನ ಪಾಲಿಗೆ ಅದು ಹೊಸ ಆಜ್ಞೆಯೇ. ಕ್ರೋಮ್‌ನಂಥ ಬ್ರೌಸರುಗಳು ನೀವು ವಿಳಾಸ ಟೈಪ್ ಮಾಡುತ್ತಿರುವಾಗಲೇ ಊಹಿಸಿ ಪುಟವನ್ನು ಮುಂಚೆಯೇ ತರಿಸುವುದೂ ಉಂಟು. ಗೆಟ್ ಕೋರಿಕೆ ನೋಡುವುದಕ್ಕೆ ಮಾತ್ರ, ಅದರಿಂದ ಏನೂ ಬದಲಾಗಬಾರದು ಅನ್ನುವುದು ಎಚ್‌ಟಿಟಿಪಿಯ ನಿಯಮ. ಬದಲಾಯಿಸುವ ಕೆಲಸಕ್ಕೆ ಪೋಸ್ಟ್ ಇದೆ.

ಹಾಗಾಗಿ ಫ್ಯಾನಿನ ವಿಳಾಸವನ್ನು ಪೋಸ್ಟ್‌ಗೆ ಮಾತ್ರ ಉತ್ತರಿಸುವಂತೆ ನೋಂದಾಯಿಸಿ. ಬಟನ್ ಒತ್ತಿದಾಗ ಫೆಚ್ ಮೂಲಕ ಪೋಸ್ಟ್ ಹೋಗಲಿ, ಉತ್ತರವಾಗಿ ಫ್ಯಾನಿನ ಹೊಸ ಸ್ಥಿತಿ ಬರಲಿ. ಸಾದಾ ಫಾರ್ಮ್ ಬಳಸುವುದಾದರೆ ಕೆಲಸ ಮುಗಿದ ಮೇಲೆ 303 ಉತ್ತರ ಕೊಟ್ಟು ಮುಖ್ಯ ಪುಟಕ್ಕೆ ಕಳಿಸಿ, ಆಗ ರಿಫ್ರೆಶ್ ಮಾಡಿದರೂ ಆಜ್ಞೆ ಮತ್ತೆ ಹೋಗುವುದಿಲ್ಲ. 'ಇದ್ದರೆ ಆರಿಸು, ಇಲ್ಲದಿದ್ದರೆ ಹಾಕು' ಅನ್ನುವ ಟಾಗಲ್ ಬೇಡ. ಅಮ್ಮನೂ ಅಪ್ಪಯ್ಯನೂ ಬೇರೆ ಬೇರೆ ಫೋನಿನಲ್ಲಿ ಒಟ್ಟಿಗೆ ಒತ್ತಿದರೆ ಒಂದಕ್ಕೊಂದು ವಜಾ ಆಗುತ್ತದೆ. 'ಆನ್ ಮಾಡು', 'ಆಫ್ ಮಾಡು' ಅಂತ ಸ್ಪಷ್ಟವಾಗಿ ಕಳಿಸಿ. ಬಂದ ಬೆಲೆ 0 ಅಥವಾ 1 ಅಲ್ಲದಿದ್ದರೆ 400 ಉತ್ತರ ಕೊಟ್ಟು ಬಿಡಿ.

ಇದಕ್ಕಿಂತ ಮುಖ್ಯ, ಫ್ಯಾನು ವೆಬ್ ಪುಟವನ್ನು ನಂಬಿ ಬದುಕಬಾರದು. ಬಿಸಿ ಮಿತಿ ಮೀರಿದರೆ ಏನು ಮಾಡಬೇಕು ಅನ್ನುವ ನಿರ್ಧಾರ ಲೂಪಿನಲ್ಲಿ, ವೈಫೈ ಇದ್ದರೂ ಇಲ್ಲದಿದ್ದರೂ ನಡೆಯಬೇಕು. ಬೋರ್ಡೇ ಸತ್ತರೂ ಕೆಲಸ ಮಾಡುವ ಒಂದು ಸಾದಾ ಥರ್ಮೋಸ್ಟಾಟ್ ಪ್ರತ್ಯೇಕವಾಗಿ ಇರಲಿ. ಕರೆಂಟ್ ಹೋಗಿ ಬಂದಾಗ ಫ್ಯಾನ್ ಯಾವ ಸ್ಥಿತಿಯಲ್ಲಿರಬೇಕು ಅಂತ ಮನೆಯವರ ಜೊತೆ ಕೂತು ತೀರ್ಮಾನಿಸಿ, ಅದನ್ನು ಕೋಡಿನಲ್ಲಿ ಬರೆಯಿರಿ. ಫ್ಯಾನಿಗೆ ಸ್ವಿಚ್ ಆಗುವ ಎಷ್ಟೋ ರಿಲೇ ಬೋರ್ಡುಗಳು ಪಿನ್ ಲೋ ಆದಾಗ ಆನ್ ಆಗುವಂಥವು. ಬೋರ್ಡ್ ಎದ್ದೇಳುವ ಕ್ಷಣದಲ್ಲಿ ರಿಲೇ ಟಕ್ ಅನ್ನುತ್ತದಾ ಅಂತ ಫ್ಯಾನ್ ಜೋಡಿಸುವ ಮೊದಲೇ ಕಿವಿಗೊಟ್ಟು ಕೇಳಿ. 0, 2, 5, 12, 15 ಈ ಪಿನ್ನುಗಳಿಗೆ ಬೂಟ್ ಆಗುವಾಗ ಬೇರೆ ಕೆಲಸ ಇದೆ, ರಿಲೇಗೆ ಬೇಡ. 230 ವೋಲ್ಟಿನ ಕೆಲಸವನ್ನು ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ.

ಎರಡನೇ ದಾರಿ, ಅಂದರೆ ಖಾಲಿ ಜಾಗ ತುಂಬುವ ಟೆಂಪ್ಲೇಟ್, ಪೂರ್ತಿ ಬೇಡ ಅಂತಲ್ಲ. ಮಿತಿ ಬದಲಾಯಿಸುವ ಸೆಟ್ಟಿಂಗ್ ಪುಟದಲ್ಲಿ ಈಗಿನ ಬೆಲೆ ಮೊದಲೇ ತುಂಬಿರಬೇಕು ಅಂದರೆ ಅದೇ ಚೊಕ್ಕ. ಬೇರೆ ಚಿಪ್ಪುಗಳಲ್ಲಿ ಎಲ್‌ಡಬ್ಲ್ಯುಐಪಿ ಅನ್ನುವ ನೆಟ್‌ವರ್ಕ್ ಲೈಬ್ರರಿಯ ಎಚ್‌ಟಿಟಿಪಿಡಿ ವೆಬ್ ಸರ್ವರ್ ಬಳಸುವವರಿಗೆ ಎಸ್‌ಎಸ್‌ಐ ಟ್ಯಾಗ್ ಹೆಸರಲ್ಲಿ ಸಿಗುವುದು ಇದೇ. ಹಲವರಿಗೆ ಒಟ್ಟಿಗೆ ಉತ್ತರ ಕೊಡುವ ಅಸಿಂಕ್ ವೆಬ್ ಸರ್ವರ್ ಲೈಬ್ರರಿಯಲ್ಲಿ ಎರಡು % ಚಿಹ್ನೆಗಳ ನಡುವೆ ಹೆಸರು ಬರೆದರೆ ಅದರ ಜಾಗಕ್ಕೆ ಬೆಲೆ ಬರುತ್ತದೆ. ಆದರೆ ಅದೇ ಪುಟದ ಸಿಎಸ್‌ಎಸ್‌ನಲ್ಲಿ ಅಗಲ 100% ಅಂತ ಬರೆದಿದ್ದರೆ ಲೈಬ್ರರಿ ಅದನ್ನೂ ಗುರುತು ಅಂದುಕೊಂಡು ಮುಂದಿನ % ಹುಡುಕಲು ಹೋಗುತ್ತದೆ. ಪುಟ ಅರ್ಧ ಮಾಯ. ಅಲ್ಲಿ 100%% ಅಂತ ಎರಡು ಸಲ ಬರೆಯಿರಿ, ಇಲ್ಲವೇ ಸಿಎಸ್‌ಎಸ್ ಅನ್ನು ಬೇರೆ ಕಡತಕ್ಕೆ ಹಾಕಿ.

ಅಸಿಂಕ್‌ಗೆ ಬದಲಾಯಿಸಲೇಬೇಕಾ ಅಂದರೆ, ಎರಡು ಮೂರು ಫೋನಿಗೆ ಬೇಕಿಲ್ಲ. ಸೆನ್ಸರ್ ಓದುವುದನ್ನು ಹೊರಗೆ ತೆಗೆದ ಮೇಲೆ ಈಗಿರುವ ಲೈಬ್ರರಿಯೇ ಸಾಕು. ರಾತ್ರಿಯಿಡೀ ಅಳೆದ ಪಟ್ಟಿ ತೋರಿಸಬೇಕು ಅಂತ ಆಸೆ ಇದ್ದರೆ ಐದು ನಿಮಿಷಕ್ಕೊಂದು ಸಾಲು ಕಡತಕ್ಕೆ ಬರೆಯಿರಿ. ಪ್ರತಿ ಸೆಕೆಂಡೂ ಬರೆದು ಫ್ಲ್ಯಾಶ್ ಸವೆಸಬೇಡಿ. ಕಳಿಸುವಾಗ ಉದ್ದ ಗೊತ್ತಿಲ್ಲ ಅಂತ ಸರ್ವರಿಗೆ ಹೇಳಿ ಸಾಲು ಸಾಲಾಗಿ ಕಳಿಸಿ, ಇಡೀ ಪಟ್ಟಿಯನ್ನು ಮೆಮೊರಿಗೆ ತುಂಬಿಕೊಳ್ಳಬೇಡಿ.

ಸಂಪರ್ಕದ ವಿಷಯ. ಬೋರ್ಡ್ ತಾನೇ ವೈಫೈ ಹಚ್ಚಿದರೆ ಪುಟ 192.168.4.1ರಲ್ಲಿ ಸಿಗುತ್ತದೆ. ಆದರೆ 'ಈ ವೈಫೈನಲ್ಲಿ ಇಂಟರ್‌ನೆಟ್ ಇಲ್ಲ' ಅಂತ ಆಂಡ್ರಾಯ್ಡ್ ಫೋನು ಮೊಬೈಲ್ ಡೇಟಾಕ್ಕೆ ಜಿಗಿಯಬಹುದು, ಆಗ ಪುಟ ತೆರೆಯುವುದಿಲ್ಲ. ಮನೆಯ ರೌಟರಿನ ಸಿಗ್ನಲ್ ಡ್ರೈಯರ್ ಮನೆಗೆ ಮುಟ್ಟಿದರೆ ಬೋರ್ಡನ್ನು ರೌಟರಿಗೇ ಸೇರಿಸಿ, ರೌಟರಿನಲ್ಲಿ ಅದಕ್ಕೊಂದು ಖಾಯಂ ಐಪಿ ಕಾಯ್ದಿರಿಸಿ.

ಶಿವಮೊಗ್ಗದಿಂದ ನೋಡಲು ರೌಟರಿನಲ್ಲಿ ಪೋರ್ಟ್ ತೆರೆದು ಬೋರ್ಡನ್ನು ನೇರ ಇಂಟರ್‌ನೆಟ್‌ಗೆ ಒಡ್ಡಬೇಡಿ. ಸಾದಾ ಎಚ್‌ಟಿಟಿಪಿಯಲ್ಲಿ ಪಾಸ್‌ವರ್ಡ್ ಹಾಕಿದರೂ ಅದು ಮುಚ್ಚುಮರೆ ಇಲ್ಲದೆ ಹೋಗುತ್ತದೆ. ಈ ಪುಟ್ಟ ಸರ್ವರಿಗೆ ಹೊರಗಿನ ದಾಳಿ ತಡೆಯುವ ತಾಕತ್ತೂ ಇಲ್ಲ. ಎಷ್ಟೋ ಸಂಪರ್ಕಗಳಲ್ಲಿ ಮನೆಗೆ ಸ್ವಂತ ಪಬ್ಲಿಕ್ ಐಪಿಯೇ ಇರುವುದಿಲ್ಲ, ಪೋರ್ಟ್ ತೆರೆದರೂ ಪ್ರಯೋಜನ ಇಲ್ಲ. ಬೋರ್ಡೇ ಒಂದು ನಿಮಿಷಕ್ಕೊಮ್ಮೆ ಎಂಕ್ಯುಟಿಟಿ (ಚಿಕ್ಕ ಸಂದೇಶ ಕಳಿಸುವ ಪದ್ಧತಿ) ಮೂಲಕ, ಟಿಎಲ್‌ಎಸ್ ಗೂಢಲಿಪಿ ಹಾಕಿ, ಹೊರಗಿನ ಸರ್ವರಿಗೆ ಅಂಕಿ ಕಳಿಸಲಿ. ನೀವು ಅಲ್ಲಿ ನೋಡಿ. ದೂರದಿಂದ ನೋಡುವುದು ಮಾತ್ರ ಇರಲಿ. ಫ್ಯಾನಿನ ಬಟನ್ ಮನೆಯಲ್ಲಿ ಡ್ರೈಯರ್ ಹತ್ತಿರ ಇರುವವರ ಕೈಯಲ್ಲೇ ಇರಬೇಕು ಅನ್ನುವುದು ನನ್ನ ಅಭಿಪ್ರಾಯ.

ಜೇಸನ್‌ನಲ್ಲಿ ಇನ್ನೂ ಮೂರು ಅಂಕಿ ಸೇರಿಸಿ: ಬೋರ್ಡ್ ಎದ್ದು ಎಷ್ಟು ಹೊತ್ತಾಯಿತು, ಮೆಮೊರಿಯಲ್ಲಿ ಒಂದೇ ತುಂಡಾಗಿ ಸಿಗುವ ದೊಡ್ಡ ಜಾಗ ಎಷ್ಟು, ಕಳೆದ ಸಲ ಯಾಕೆ ರೀಸೆಟ್ ಆಯಿತು. ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಇರಲಿ. ಆ ದೊಡ್ಡ ಜಾಗ ದಿನದಿನಕ್ಕೆ ಕುಗ್ಗುತ್ತಿದ್ದರೆ ಕೋಡಿನಲ್ಲಿ ಎಲ್ಲೋ ಸ್ಟ್ರಿಂಗ್ ಉಳಿದಿದೆ ಅಂತ ಅನುಮಾನಿಸಿ. ರೀಸೆಟ್ ಕಾರಣ ಬ್ರೌನ್‌ಔಟ್ (ಬೋರ್ಡಿಗೆ ವೋಲ್ಟೇಜ್ ಸಾಲದಾದದ್ದು) ಅಂತ ಬಂದರೆ ಕೋಡು ಹುಡುಕಬೇಡಿ, ಅಡಾಪ್ಟರ್ ನೋಡಿ. ಪಂಪ್‌ಸೆಟ್ ಶುರುವಾದಾಗ ವೋಲ್ಟೇಜ್ ಕುಸಿದು ಹಾಗಾಗಿರಬಹುದು, ಒಳ್ಳೆಯ 5 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಹಾಕಿ ನೋಡಿ. ಇಷ್ಟೆಲ್ಲ ಮಾಡಿದ ಮೇಲೂ ಪುಟ ನಿಂತರೆ ಆ ಮೂರು ಅಂಕಿ ಬರೆದುಕೊಂಡು, ಲೂಪಿನ ಕೋಡಿನ ಜೊತೆ ಕಳಿಸಿ.